ಮೆಟ್ಟಿಲು ಯಾರದ್ದು? ಕೆನರಾದವರು ಮುಂಬೈಯಲ್ಲಿ ಕಟ್ಟಿದ ಮನೆಗಳ ಲೆಕ್ಕ

"ಸ್ವಂತ ಮನೆ ತಗೊಂಡ ಮೇಲೂ ತಿಂಗಳು ತಿಂಗಳು ದುಡ್ಡು ಕಟ್ಟೋದು ಯಾಕೆ?"

ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಫ್ಲ್ಯಾಟ್ ಕೊಂಡಿರುವ ಮನೆಗಳಲ್ಲಿ ಈ ಪ್ರಶ್ನೆ ನಮ್ಮ ಕಿವಿಗೆ ಎಷ್ಟೋ ಸಲ ಬಿದ್ದಿದೆ. ಬ್ಯಾಂಕಿನ ಕಂತು ಅರ್ಥವಾಗುತ್ತದೆ. ಕರೆಂಟ್ ಬಿಲ್ಲೂ ಅರ್ಥವಾಗುತ್ತದೆ. ಆದರೆ 'ಮೇಂಟೆನೆನ್ಸ್' ಅಂತ ಪ್ರತಿ ತಿಂಗಳು ಹೋಗುವ ದುಡ್ಡು ಯಾರಿಗೆ, ಯಾತಕ್ಕೆ ಅನ್ನುವುದು ಊರಲ್ಲಿ ಸ್ವಂತ ಜಾಗದ ಮೇಲೆ ಸ್ವಂತ ಗೋಡೆ ಎಬ್ಬಿಸಿಕೊಂಡು ಬದುಕಿದವರಿಗೆ ಹೊಳೆಯುವುದಿಲ್ಲ.

ಉತ್ತರ ಸರಳ. ಬಾಗಿಲಿನ ಒಳಗಿರುವುದು ನಿಮ್ಮದು. ಬಾಗಿಲಿನ ಹೊರಗಿರುವ ಮೆಟ್ಟಿಲು, ತಾರಸಿ, ನೀರಿನ ಟ್ಯಾಂಕು, ಚರಂಡಿ ಎಲ್ಲರದ್ದು. ಎಲ್ಲರದ್ದು ಅಂದಮೇಲೆ ಅದರ ಖರ್ಚೂ ಎಲ್ಲರದ್ದೇ. ಆದರೆ ಈ ಸರಳ ಮಾತಿನ ಹಿಂದೆ ನೂರು ವರ್ಷಕ್ಕೂ ಮಿಕ್ಕ ಕಥೆ ಇದೆ. ಆ ಕಥೆಯ ಮುಖ್ಯ ಅಧ್ಯಾಯ ಬರೆದವರು ನಮ್ಮ ಉತ್ತರ ಕನ್ನಡದ ಕರಾವಳಿಯಿಂದ ಮುಂಬೈಗೆ ಹೋದವರು. ಒಂದೇ ಕಟ್ಟಡದಲ್ಲಿ ಸೇರಿ ಬದುಕುವ ಲೆಕ್ಕಪತ್ರವನ್ನು ಅವರು ಹೇಗೆ ಬರೆದರು, ಅದರಲ್ಲಿ ಯಾರನ್ನು ಸೇರಿಸಿದರು, ಯಾರನ್ನು ಬಿಟ್ಟರು ಅನ್ನುವುದನ್ನು ಈ ಸಲ ನೋಡೋಣ.

ಕೆರೆಯ ಲೆಕ್ಕ ನಮಗೆ ಹೊಸದಲ್ಲ

ಮೊದಲು ಒಂದು ಮಾತು. ಎಲ್ಲರ ಆಸ್ತಿಗೆ ಎಲ್ಲರೂ ದುಡ್ಡು ಹಾಕುವುದು ಪೇಟೆಯವರು ಕಂಡುಹಿಡಿದದ್ದಲ್ಲ. ನಮ್ಮ ಕೆರೆಗಳ ಶಾಸನ ಓದಿದವರಿಗೆ 'ಬಿತ್ತುವಟ್ಟ' ಎಂಬ ಪದ ಗೊತ್ತಿರುತ್ತದೆ. ಕೆರೆ ನೀರಿನಿಂದ ಬೆಳೆದ ಜಮೀನಿನ ಆದಾಯದಲ್ಲಿ ಒಂದು ಪಾಲನ್ನು ಕೆರೆಯ ದುರಸ್ತಿಗೇ ಎತ್ತಿಡುವ ಏರ್ಪಾಡು ಅದು. ಕೆರೆ ಕಟ್ಟಿಸಿದವರಿಗೆ, ಏರಿ ಕಾಯುವವರಿಗೆ ಕೊಡುಗೆ ಜಮೀನು ಬಿಡುತ್ತಿದ್ದರು. ತೂಬು ಎತ್ತಿ ಇಳಿಸುವ ನೀರಗಂಟಿಗೆ ಕಣದಲ್ಲಿ ಆಯದ ಕಾಳು ಸಿಗುತ್ತಿತ್ತು.

ಇವತ್ತಿನ ಭಾಷೆಯಲ್ಲಿ ಬಿತ್ತುವಟ್ಟ ಅಂದರೆ ರಿಪೇರಿ ಫಂಡು. ನೀರಗಂಟಿಗೆ ಕೊಡುವ ಆಯ ಅಂದರೆ ಸರ್ವಿಸ್ ಚಾರ್ಜು. ಹೂಳು ಎತ್ತುವ ಕಾಲ ಬಂದಾಗ ಕೈ ಚಾಚುವ ಬದಲು ಬೆಳೆ ಬಂದಾಗಲೇ ಎತ್ತಿಡುವುದು ಅದರ ಗುಟ್ಟು. ಕಂದಾಯವೆಲ್ಲ ಸರ್ಕಾರಕ್ಕೆ ಹೋಗಿ, ದುರಸ್ತಿ ಇಲಾಖೆಯ ಕೆಲಸವಾದ ಮೇಲೆ ಆ ಲೆಕ್ಕ ಸಡಿಲವಾಯಿತು. ಕೆರೆ ಉಳಿಯಿತು, ಕೆರೆಯ ಕಿಸೆ ಖಾಲಿಯಾಯಿತು.

ಅದೇ ಲೆಕ್ಕವನ್ನು ಬೇರೆ ರೂಪದಲ್ಲಿ, ಬೇರೆ ಊರಲ್ಲಿ, ಮತ್ತೆ ಮೊದಲಿಂದ ಬರೆಯಬೇಕಾಗಿ ಬಂತು.

ಪ್ಲೇಗು ಮತ್ತು ಮನೆ

1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ, ಕುಮಟಾ, ಹೊನ್ನಾವರದವರಿಗೆ ಅಂದಿನಿಂದ ರಾಜಧಾನಿ ಅಂದರೆ ಬೊಂಬಾಯಿ. ಇಂಗ್ಲಿಷ್ ಕಲಿತ ಹುಡುಗರು ಹಡಗು ಹತ್ತಿ ಅಲ್ಲಿಗೆ ಹೋದರು. ಗುಮಾಸ್ತರು, ಮೇಷ್ಟ್ರು, ವಕೀಲರು ಆದರು. ಅವರಲ್ಲಿ ಚಿತ್ರಾಪುರ ಸಾರಸ್ವತರು ದೊಡ್ಡ ಪ್ರಮಾಣದಲ್ಲಿದ್ದರು. ಭಟ್ಕಳದ ಹತ್ತಿರದ ಶಿರಾಲಿಯ ಮಠ ಅವರ ಗುರುಪೀಠ.

ಬೊಂಬಾಯಿಯಲ್ಲಿ ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಚಾಳುಗಳಲ್ಲಿ ಒಂದು ಕೋಣೆ, ಅದರಲ್ಲಿ ಇಡೀ ಸಂಸಾರ. ಸಾಲಾಗಿ ಕೋಣೆಗಳು, ಮುಂದೆ ಒಂದೇ ಪಡಸಾಲೆ, ಕೊನೆಯಲ್ಲಿ ಎಲ್ಲರಿಗೂ ಸೇರಿ ನಲ್ಲಿ ಮತ್ತು ಪಾಯಖಾನೆ. ಬಾಡಿಗೆ ಮಾತ್ರ ಜೋರು. ದುರಸ್ತಿ ಮಾಲೀಕನ ಮರ್ಜಿ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಬಡಾವಣೆಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಊರಿಗೆ ಊರೇ ಹೆದರಿ ಓಡಿತು. ಎರಡು ವರ್ಷದಲ್ಲಿ ಅದೇ ಮಾರಿ ಹುಬ್ಬಳ್ಳಿಗೂ ಬೆಂಗಳೂರಿಗೂ ಬಂತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದರ ಹಿಂದೆಯೂ ಪ್ಲೇಗಿನ ಭಯವಿದೆ. ಬೊಂಬಾಯಿಯಲ್ಲಿ ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಇಕ್ಕಟ್ಟಿನ ಕೇರಿಗಳನ್ನು ಕೆಡವುವುದು, ಅಗಲ ರಸ್ತೆ ಹಾಕುವುದು, ಸೈಟು ಮಾಡಿ ದೀರ್ಘ ಅವಧಿಯ ಗುತ್ತಿಗೆಗೆ ಕೊಡುವುದು ಅದರ ಕೆಲಸ.

ಟ್ರಸ್ಟು ಕೆಡವಿದಷ್ಟು ಬೇಗ ಕಟ್ಟಲಿಲ್ಲ. ಕೆಡವಿದ ಕೇರಿಗಳ ಬಡವರು ಪಕ್ಕದ ಇನ್ನೊಂದು ಇಕ್ಕಟ್ಟಿನ ಕೇರಿಗೆ ಹೋಗಿ ತುಂಬಿಕೊಂಡರು. ಹೊಸ ಸೈಟುಗಳು ಸಿಕ್ಕಿದ್ದು ದುಡ್ಡು ಕೂಡಿಸಬಲ್ಲವರಿಗೆ. ಹಾಗಾದರೆ ತಿಂಗಳ ಸಂಬಳದ ಗುಮಾಸ್ತ ದುಡ್ಡು ಕೂಡಿಸುವುದು ಹೇಗೆ? ಒಬ್ಬನಿಂದ ಆಗದು. ಹತ್ತಿಪ್ಪತ್ತು ಜನ ಸೇರಿದರೆ?

ಕಣಗಿನಹಾಳದಿಂದ ಗಾಮದೇವಿಗೆ

ಜನ ಸೇರಿ ದುಡ್ಡು ಹಾಕುವುದಕ್ಕೆ ಕಾನೂನಿನ ಆಸರೆ ಬಂದದ್ದು 1904ರಲ್ಲಿ. ಆ ವರ್ಷದ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಉದ್ದೇಶ ಸಾಲ ಮಾತ್ರ. ರೈತ ಸಾಹುಕಾರನ ಕೈಯಿಂದ ತಪ್ಪಿಸಿಕೊಳ್ಳಲಿ ಎಂಬುದು ಅದರ ಲೆಕ್ಕ. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಇಂಥದ್ದು ಮೊದಲು ಎಂಬ ಹೆಮ್ಮೆ ಆ ಊರಿಗೆ ಇವತ್ತಿಗೂ ಇದೆ.

1906ರಲ್ಲಿ ಬೊಂಬಾಯಿಯಲ್ಲಿ ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ ಎಂಬವರು ತಮ್ಮ ಸಮುದಾಯದವರನ್ನು ಸೇರಿಸಿ ಪತ್ತಿನ ಸಂಘ ತೆರೆದರು. ತಾವು ಗುರು ಎಂದು ಗೌರವಿಸುತ್ತಿದ್ದ ಶ್ಯಾಮರಾವ್ ವಿಠ್ಠಲ್ ಕೈಕಿಣಿಯವರ ಹೆಸರನ್ನು ಅದಕ್ಕೆ ಇಟ್ಟರು. ನಮ್ಮ ಪೇಟೆಗಳಲ್ಲಿ 'ಎಸ್‌ವಿಸಿ ಬ್ಯಾಂಕ್' ಎಂಬ ಬೋರ್ಡು ನೋಡಿದ್ದರೆ, ಅದರ ಮೂಲ ಈ ಸಂಘ.

ಮೈಸೂರು ಸಂಸ್ಥಾನ 1905ರಲ್ಲೇ ತನ್ನದೇ ಸಹಕಾರಿ ಕಾನೂನು ಮಾಡಿಕೊಂಡಿತ್ತು. ಅದರ ಅಡಿ 1909ರಲ್ಲಿ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ಹುಟ್ಟಿತು. ಮನೆಗಾಗಿಯೇ ಹುಟ್ಟಿದ ದೇಶದ ಮೊದಲ ಸಹಕಾರ ಸಂಘ ಎಂದು ಇದನ್ನು ಲೆಕ್ಕ ಹಾಕುತ್ತಾರೆ. ಆದರೆ ಬೆಂಗಳೂರಿನಲ್ಲಿ ಜಾಗ ಇತ್ತು. ಸದಸ್ಯ ತನ್ನ ಸೈಟಿನಲ್ಲಿ ತನ್ನ ಮನೆ ಕಟ್ಟಿಕೊಳ್ಳಬಹುದಿತ್ತು. ಬೊಂಬಾಯಿ ದ್ವೀಪದಲ್ಲಿ ಅದು ಕನಸಿನ ಮಾತು. ಅಲ್ಲಿ ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಬದುಕಬೇಕು.

1912ರ ಹೊಸ ಕಾಯ್ದೆ ಸಾಲವಲ್ಲದ ಬೇರೆ ಕೆಲಸಕ್ಕೂ ಸಹಕಾರ ಸಂಘ ಮಾಡಲು ದಾರಿ ತೆರೆಯಿತು. ತಲ್ಮಕಿ ಮತ್ತು ಜೊತೆಗಾರರು ಆ ದಾರಿ ಹಿಡಿದರು. ಇಂಪ್ರೂವ್‌ಮೆಂಟ್ ಟ್ರಸ್ಟು ಗಾಮದೇವಿ ಬಡಾವಣೆಯಲ್ಲಿ ಮಾಡಿದ್ದ ಜಾಗವನ್ನು ಗುತ್ತಿಗೆಗೆ ಪಡೆದು 1915ರಲ್ಲಿ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಾಯಿಸಿದರು. ಒಂದೇ ಆವರಣ, ಮಹಡಿ ಮನೆಗಳು, ಮಾಲೀಕ ಮಾತ್ರ ಯಾವ ಸೇಠೂ ಅಲ್ಲ. ಬಾಡಿಗೆದಾರರೇ ಸೇರಿ ಮಾಲೀಕರು.

ಬಾಡಿಗೆದಾರನೇ ಮಾಲೀಕ: ಅದು ಹೇಗೆ?

ಈ ಪದ್ಧತಿಯನ್ನು ಆಗ 'ಕೋ-ಪಾರ್ಟ್‌ನರ್‌ಶಿಪ್' ಅನ್ನುತ್ತಿದ್ದರು. ಇಂಗ್ಲೆಂಡಿನ ಈಲಿಂಗ್‌ನಲ್ಲಿ 1901ರಲ್ಲಿ ಕಟ್ಟಡ ಕೆಲಸಗಾರರು ಇಂಥದ್ದೇ ಸಂಘ ಮಾಡಿದ್ದರು. ಅದರ ಹಿಂದೆ 1844ರ ರೋಚ್‌ಡೇಲ್ ನೇಕಾರರ ಅಂಗಡಿ ಕಲಿಸಿದ ನಿಯಮವಿತ್ತು. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ.

ಜಾಗದ ಹಕ್ಕು ಮತ್ತು ಕಟ್ಟಡ ಎರಡೂ ಸಂಘದ್ದು. ಸದಸ್ಯ ಷೇರು ಕೊಳ್ಳುತ್ತಾನೆ. ಷೇರಿಗೆ ಬದಲಾಗಿ ಒಂದು ಮನೆಯಲ್ಲಿ ಇರುವ ಹಕ್ಕು ಸಿಗುತ್ತದೆ. ತಿಂಗಳು ತಿಂಗಳು ಸಂಘಕ್ಕೆ ಬಾಡಿಗೆ ಕೊಡುತ್ತಾನೆ. ಆ ಬಾಡಿಗೆಯಿಂದ ಸಂಘ ಸಾಲ ತೀರಿಸುತ್ತದೆ, ತೆರಿಗೆ ಕಟ್ಟುತ್ತದೆ, ರಿಪೇರಿ ಮಾಡುತ್ತದೆ. ಲಾಭ ಹೊಡೆಯುವವನು ನಡುವೆ ಯಾರೂ ಇಲ್ಲ.

ಒಂದು ಊಹೆಯ ಲೆಕ್ಕ ಹಾಕಿ ನೋಡೋಣ. ಇದು ಗಾಮದೇವಿಯ ಲೆಕ್ಕವಲ್ಲ, ಅರ್ಥವಾಗಲಿ ಅಂತ ನಾವು ಮಾಡಿದ್ದು.

ಇಪ್ಪತ್ತು ಮನೆಗಳ ಒಂದು ಕಟ್ಟಡ. ಕಟ್ಟಲು 1 ಲಕ್ಷ ರೂಪಾಯಿ. ಒಬ್ಬೊಬ್ಬರು 1,000 ರೂಪಾಯಿ ಷೇರು ಹಾಕಿದರೆ 20,000 ಆಯಿತು. ಉಳಿದ 80,000 ಸಾಲ. ನೂರಕ್ಕೆ ವರ್ಷಕ್ಕೆ 5 ಬಡ್ಡಿ ಅಂದರೆ ಮೊದಲ ವರ್ಷ 4,000. ನಲವತ್ತು ವರ್ಷದಲ್ಲಿ ಅಸಲು ತೀರಬೇಕೆಂದರೆ ವರ್ಷಕ್ಕೆ 2,000. ತೆರಿಗೆ, ನೀರು, ದೀಪ, ಗುಡಿಸುವವರ ಸಂಬಳ ಸೇರಿ 1,400 ಇರಲಿ. ರಿಪೇರಿಗೆ 750, ಮುಂದೊಂದು ದಿನ ಕಟ್ಟಡವನ್ನೇ ಹೊಸದಾಗಿ ಕಟ್ಟಬೇಕಾದಾಗ ಬೇಕಾಗುವ ನಿಧಿಗೆ 250 ಎತ್ತಿಡಿ. ಒಟ್ಟು 8,400. ಇಪ್ಪತ್ತು ಮನೆಗೆ ಹಂಚಿದರೆ ಒಂದು ಮನೆಗೆ ವರ್ಷಕ್ಕೆ 420, ತಿಂಗಳಿಗೆ 35 ರೂಪಾಯಿ.

ಈಗ ಇಬ್ಬರು ಕಟ್ಟುವುದಿಲ್ಲ ಅನ್ನಿ. ಬರೀ ಇಬ್ಬರು. ವರ್ಷಕ್ಕೆ 840 ರೂಪಾಯಿ ಕೊರತೆ. ಸಾಲದ ಕಂತು ನಿಲ್ಲಿಸುವ ಹಾಗಿಲ್ಲ, ಬ್ಯಾಂಕು ಬಿಡುವುದಿಲ್ಲ. ತೆರಿಗೆ ನಿಲ್ಲಿಸುವ ಹಾಗಿಲ್ಲ. ಗುಡಿಸುವವರಿಗೆ ಸಂಬಳ ಕೊಡಲೇಬೇಕು. ಹಾಗಾದರೆ ಎಲ್ಲಿಂದ ತೆಗೆಯುತ್ತಾರೆ? ರಿಪೇರಿ ಮತ್ತು ಮರುಕಟ್ಟಡದ ನಿಧಿಯಿಂದ. ಅಲ್ಲಿರುವುದು ಒಟ್ಟು 1,000. ಇಪ್ಪತ್ತರಲ್ಲಿ ಇಬ್ಬರು ಕೈಕೊಟ್ಟರೆ ಕಟ್ಟಡದ ಆಯುಸ್ಸಿನ ದುಡ್ಡು ಹೆಚ್ಚೂಕಡಿಮೆ ಪೂರ್ತಿ ಹೋಯಿತು. ಅದೂ ಯಾರ ಕಣ್ಣಿಗೂ ಕಾಣದ ಹಾಗೆ, ಯಾಕೆಂದರೆ ಆ ವರ್ಷ ಗೋಡೆ ಗಟ್ಟಿಯಾಗಿಯೇ ನಿಂತಿರುತ್ತದೆ.

ಸೇರಿ ಬದುಕುವ ಜಾಗಗಳೆಲ್ಲ ಹಾಳಾಗುವುದು ಹೀಗೆ. ಮೊದಲು ನಿಧಿ ಸೋರುತ್ತದೆ, ಆಮೇಲೆ ತಾರಸಿ ಸೋರುತ್ತದೆ.

ದುಡ್ಡು ಎತ್ತಿಡದ ಕಟ್ಟಡಗಳ ಗತಿ

ಇದಕ್ಕೆ ಸಾಕ್ಷಿ ಅದೇ ಮುಂಬೈಯಲ್ಲಿ ಇದೆ. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ದುಬಾರಿಯಲ್ಲಿ ಬಾಡಿಗೆದಾರರನ್ನು ಉಳಿಸಿದ ಕಾನೂನು ಅದು, ಅದರ ಉಪಕಾರ ಸಣ್ಣದಲ್ಲ. ಆದರೆ ವರ್ಷಗಳು ಉರುಳಿದವು, ಸಿಮೆಂಟಿನ ಬೆಲೆ ಏರಿತು, ಬಾಡಿಗೆ ಅಲ್ಲೇ ನಿಂತಿತು. ಮಾಲೀಕರು ದುರಸ್ತಿಗೆ ಕೈ ಹಾಕಲಿಲ್ಲ. ಬಾಡಿಗೆದಾರರಿಗೆ ಕಟ್ಟಡ ತಮ್ಮದಲ್ಲ, ಅವರೂ ಹಾಕಲಿಲ್ಲ. ಚಾಳುಗಳು ಕುಸಿಯತೊಡಗಿದವು. ಕೊನೆಗೆ 1969ರಲ್ಲಿ ಮಹಾರಾಷ್ಟ್ರ ಸರ್ಕಾರ ಹಳೆಯ ಕಟ್ಟಡಗಳ ಮೇಲೆ ಸೆಸ್ ಹಾಕಿ ಆ ದುಡ್ಡಿನಿಂದ ರಿಪೇರಿ ಮಾಡುವ ಮಂಡಳಿಯನ್ನೇ ರಚಿಸಬೇಕಾಯಿತು. ಇಷ್ಟಾದರೂ ಮಳೆಗಾಲದಲ್ಲಿ ಅಲ್ಲಿ ಕಟ್ಟಡ ಕುಸಿದ ಸುದ್ದಿ ಇವತ್ತಿಗೂ ಟಿವಿಯಲ್ಲಿ ಬರುತ್ತದೆ.

ಗಾಮದೇವಿಯ ಸೊಸೈಟಿಗೆ 2015ಕ್ಕೆ ನೂರು ವರ್ಷ ತುಂಬಿತು. ಅಲ್ಲಿ ಬಾಡಿಗೆ ಕೊಡುವವರೂ ತೆಗೆದುಕೊಳ್ಳುವವರೂ ಒಬ್ಬರೇ ಆಗಿದ್ದರಿಂದ 'ರಿಪೇರಿ ಯಾರ ಕೆಲಸ' ಎಂಬ ಜಗಳಕ್ಕೆ ಎರಡು ಪಕ್ಷಗಳೇ ಇರಲಿಲ್ಲ.

ನೂರು ವರ್ಷದ ಈ ಅನುಭವ ಇವತ್ತು ಮಹಾರಾಷ್ಟ್ರದ ಮಾದರಿ ಉಪನಿಯಮಗಳಲ್ಲಿ ಅಂಕಿಗಳಾಗಿ ಕೂತಿದೆ. ಕಟ್ಟಡದ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.75 ರಿಪೇರಿ ನಿಧಿಗೆ, ಕನಿಷ್ಠ ಶೇ. 0.25 ಮರುಕಟ್ಟಡದ ನಿಧಿಗೆ ಎತ್ತಿಡಬೇಕು. ನಮ್ಮ ಊಹೆಯ ಲೆಕ್ಕದಲ್ಲಿ 750 ಮತ್ತು 250 ಬಂದದ್ದು ಇಲ್ಲಿಂದಲೇ.

ಸಮ ಅಂದರೆ ಯಾವ ಸಮ?

ದುಡ್ಡು ಎತ್ತಿಡಬೇಕು ಅನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಜಗಳ ಶುರುವಾಗುವುದು 'ನಾನೆಷ್ಟು, ನೀನೆಷ್ಟು' ಅನ್ನುವಲ್ಲಿ.

ನೆಲಮಹಡಿಯವರು ಹೇಳುತ್ತಾರೆ: ನಾವು ಲಿಫ್ಟ್ ಹತ್ತುವುದೇ ಇಲ್ಲ, ಯಾಕೆ ಕೊಡಬೇಕು? ಮೇಲಿನ ಮಹಡಿಯವರು ಹೇಳುತ್ತಾರೆ: ತಾರಸಿ ಸೋರಿದರೆ ನೆನೆಯುವುದು ನಾವು, ಆದರೆ ತಾರಸಿ ಎಲ್ಲರದ್ದಲ್ಲವೇ? ದೊಡ್ಡ ಮನೆಯವರು, ಸಣ್ಣ ಮನೆಯವರು, ಬೀಗ ಹಾಕಿ ಊರಿಗೆ ಹೋದವರು, ಎಲ್ಲರ ಬಾಯಲ್ಲೂ ಒಂದೊಂದು ನ್ಯಾಯ.

ಮಹಾರಾಷ್ಟ್ರದ ಉಪನಿಯಮಗಳು ಒಂದೊಂದು ಖರ್ಚಿಗೆ ಒಂದೊಂದು ಅಳತೆ ಇಟ್ಟವು. ಕಾವಲು, ಕಸ, ಕಚೇರಿ, ದೀಪದ ಖರ್ಚು ಮನೆ ದೊಡ್ಡದಿರಲಿ ಸಣ್ಣದಿರಲಿ ಸಮನಾಗಿ. ಲಿಫ್ಟ್ ಖರ್ಚು ಬಳಸಿದರೂ ಬಳಸದಿದ್ದರೂ ಆ ಕಟ್ಟಡದ ಎಲ್ಲರಿಗೂ ಸಮನಾಗಿ. ನೀರಿನ ದುಡ್ಡು ಮನೆಯ ನಲ್ಲಿಗಳ ಲೆಕ್ಕದಲ್ಲಿ. ರಿಪೇರಿ ಮತ್ತು ಮರುಕಟ್ಟಡದ ನಿಧಿ ಆಯಾ ಮನೆಯ ನಿರ್ಮಾಣ ವೆಚ್ಚಕ್ಕೆ ತಕ್ಕಂತೆ. ಮನೆಯನ್ನು ಬಾಡಿಗೆಗೆ ಕೊಟ್ಟವರಿಂದ ಸಂಘ ಹೆಚ್ಚುವರಿ ಶುಲ್ಕ ತೆಗೆದುಕೊಳ್ಳಬಹುದು, ಆದರೆ ಸರ್ವಿಸ್ ಚಾರ್ಜಿನ ಶೇ. 10ಕ್ಕಿಂತ ಹೆಚ್ಚಿಲ್ಲ.

ನಮ್ಮ ಕರ್ನಾಟಕದ ದಾರಿ ಬೇರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಮನೆ ಕೊಂಡವರೇ ಅದರ ಮಾಲೀಕರು. ಸಾಮಾನ್ಯ ಜಾಗದಲ್ಲಿ ಅವರಿಗೆ ಭಾಗ ಮಾಡಲಾಗದ ಶೇಕಡಾವಾರು ಪಾಲು. ಆ ಪಾಲು ಮನೆಯ ಮೌಲ್ಯಕ್ಕೆ ತಕ್ಕಂತೆ, ಖರ್ಚೂ ಆ ಪಾಲಿಗೆ ತಕ್ಕಂತೆ. ಅಂದರೆ ದೊಡ್ಡ ಮನೆಗೆ ದೊಡ್ಡ ಖರ್ಚು.

ಯಾವುದು ನ್ಯಾಯ? ಎರಡಕ್ಕೂ ವಾದವಿದೆ. ಕಾವಲುಗಾರ ದೊಡ್ಡ ಮನೆಯನ್ನು ಹೆಚ್ಚು ಹೊತ್ತು ಕಾಯುವುದಿಲ್ಲ, ಹಾಗಾಗಿ ಸಮ ಅನ್ನಬಹುದು. ದೊಡ್ಡ ಮನೆಯವರಿಗೆ ಕೊಡುವ ಶಕ್ತಿಯೂ ಆಸ್ತಿಯ ಲಾಭವೂ ಹೆಚ್ಚು, ಹಾಗಾಗಿ ಪಾಲು ಅನ್ನಬಹುದು. ಊರಿನಲ್ಲಿ ಜಾತ್ರೆಗೆ ವಂತಿಗೆ ಎತ್ತುವಾಗ 'ಮನೆಗಿಷ್ಟು' ಅನ್ನಬೇಕೋ 'ಎಕರೆಗಿಷ್ಟು' ಅನ್ನಬೇಕೋ ಎಂದು ಕಟ್ಟೆಯ ಮೇಲೆ ನಡೆಯುವ ವಾದವೇ ಇದು. ಯಾವ ಅಳತೆ ಆದರೂ ನಡೆಯುತ್ತದೆ. ಆದರೆ ಅದನ್ನು ಮೊದಲೇ ಬರೆದಿಡಬೇಕು. ಬಿಲ್ಲು ಬಂದ ಮೇಲೆ ಅಳತೆ ಹುಡುಕಿದರೆ ಜಗಳ ತಪ್ಪಿದ್ದಲ್ಲ.

ಯಾರು ಒಳಗೆ, ಯಾರು ಹೊರಗೆ?

ಇಲ್ಲಿಯವರೆಗೆ ಗಾಮದೇವಿಯ ಕಥೆ ಹೊಗಳಿಕೆಯ ಕಥೆ. ಇನ್ನೊಂದು ಮುಖವನ್ನೂ ನೋಡಬೇಕು.

ಆ ಸಂಘ ಯಶಸ್ವಿಯಾಗಲು ದೊಡ್ಡ ಕಾರಣ, ಅಲ್ಲಿದ್ದವರೆಲ್ಲ ಒಂದೇ ಸಮುದಾಯದವರು. ಸದಸ್ಯನ ಅಪ್ಪ ಯಾರು, ಊರು ಯಾವುದು, ಬೀಗರು ಯಾರು ಎಲ್ಲ ಗೊತ್ತು. ಬಾಡಿಗೆ ಬಾಕಿ ಉಳಿಸಿಕೊಂಡರೆ ಮದುವೆ ಮನೆಯಲ್ಲಿ ತಲೆ ತಗ್ಗಿಸಬೇಕು. ಬ್ಯಾಂಕು ಕೇಳುವ ಜಾಮೀನಿನ ಜಾಗದಲ್ಲಿ ಅಲ್ಲಿ ನೆಂಟಸ್ತನ ಇತ್ತು. ದುಡ್ಡು ಇಲ್ಲದವರು ದುಡ್ಡು ಕೂಡಿಸಲು ಇದ್ದ ಅಗ್ಗದ ಭದ್ರತೆ ಅದು.

ಆದರೆ ಜಾತಿಯೇ ಜಾಮೀನು ಆದಾಗ, ಬೇರೆ ಜಾತಿಯವರಿಗೆ ಜಾಮೀನೇ ಇಲ್ಲ ಎಂದಾಗುತ್ತದೆ. ಬೊಂಬಾಯಿಯಲ್ಲಿ ಬೇರೆ ಬೇರೆ ಸಮುದಾಯದವರು ತಮ್ಮ ತಮ್ಮ ಸೊಸೈಟಿ ಕಟ್ಟಿಕೊಂಡರು. ಷೇರು ಹಾಕುವಷ್ಟು ಸಂಬಳ ಇದ್ದ ಸಮುದಾಯಗಳಿಗೆ ಮನೆ ಸಿಕ್ಕಿತು. ಗಿರಣಿ ಕೂಲಿಗೆ ಹೋಗುತ್ತಿದ್ದವರು, ಬೀದಿ ಗುಡಿಸುತ್ತಿದ್ದವರು ಚಾಳಿನಲ್ಲೇ ಉಳಿದರು. ಎಲ್ಲರ ಮೆಟ್ಟಿಲು ಗುಡಿಸಿದವರಿಗೆ ಆ 'ಎಲ್ಲರ' ಒಳಗೆ ಜಾಗವಿರಲಿಲ್ಲ.

ಅದೇ ಕಾಲದಲ್ಲಿ ಅದೇ ಪ್ರಾಂತ್ಯದಲ್ಲಿ ಈ ಪ್ರಶ್ನೆ ಬೇರೆ ಕಡೆಯಿಂದ ಎದ್ದಿತು. 1923ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಒಂದು ನಿರ್ಣಯ ತಂದರು. ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕು ಎಂಬುದು ನಿರ್ಣಯ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಮಹಾಡದ ಪುರಸಭೆ 1924ರಲ್ಲಿ ತನ್ನ ಚವದಾರ ಕೆರೆ ಎಲ್ಲರಿಗೂ ಮುಕ್ತ ಎಂದು ಕಾಗದದಲ್ಲಿ ಬರೆಯಿತು. ಕಾಗದದಲ್ಲಿ ಮಾತ್ರ. 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿದರು. ಅದಕ್ಕಾಗಿ ಜನ ಪೆಟ್ಟು ತಿಂದರು. ಆ ಕೆರೆ ಯಾರದ್ದು ಎಂಬ ಕೋರ್ಟು ವ್ಯಾಜ್ಯ ಹೈಕೋರ್ಟಿನಲ್ಲಿ ತೀರಿದ್ದು 1937ರಲ್ಲಿ, ಅಂಬೇಡ್ಕರರ ಪರವಾಗಿ.

ನಮ್ಮ ಹಳ್ಳಿಯ ಕೆರೆ ಲೆಕ್ಕವನ್ನು ಹೊಗಳುವಾಗಲೂ ಇದನ್ನು ಮರೆಯುವ ಹಾಗಿಲ್ಲ. ಕೆರೆಯ ಹೂಳು ಎತ್ತುವಾಗ ಎಲ್ಲರ ಮೈಬೆವರು ಬೇಕಿತ್ತು. ನೀರು ಸೇದುವಾಗ ಎಲ್ಲರ ಕೊಡಕ್ಕೂ ಜಾಗವಿರಲಿಲ್ಲ.

ಇದು ಹಳೆಯ ಕಥೆ ಮಾತ್ರವೂ ಅಲ್ಲ. ಅಹಮದಾಬಾದಿನ ಪಾರ್ಸಿಗಳ ಒಂದು ಗೃಹ ಸಹಕಾರ ಸಂಘದಲ್ಲಿ ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಎಂಬ ಉಪನಿಯಮವಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2005ರಲ್ಲಿ ಕೋರ್ಟು ಆ ಉಪನಿಯಮವನ್ನು ಎತ್ತಿಹಿಡಿಯಿತು. ಸಂಘ ಕಟ್ಟಿಕೊಳ್ಳುವ ಹಕ್ಕು ಜನರಿಗಿದೆ, ಬದಲಾವಣೆ ಬೇಕಿದ್ದರೆ ಶಾಸನಸಭೆ ಮಾಡಲಿ ಎಂಬುದು ತೀರ್ಪಿನ ಸಾರ. ಸಣ್ಣ ಸಮುದಾಯ ತನ್ನ ಬದುಕಿನ ಕ್ರಮ ಉಳಿಸಿಕೊಳ್ಳಲು ಇದು ಬೇಕು ಅನ್ನುವವರಿದ್ದಾರೆ. ಆದರೆ ಹೆಸರು ಕೇಳಿ, ಊಟ ಕೇಳಿ 'ಮನೆ ಖಾಲಿ ಇಲ್ಲ' ಅನ್ನಿಸಿಕೊಂಡು ಪೇಟೆಯ ಬೀದಿ ಬೀದಿ ಅಲೆದ ನಮ್ಮ ಊರಿನ ಹುಡುಗರಿಗೆ ಈ ತೀರ್ಪಿನ ಅರ್ಥ ಬೇರೆಯೇ.

ಅವರ ಸೈಟು, ನಮ್ಮ ಹೊಲ

ಬೆಂಗಳೂರಿನ ಕಥೆಯನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಅದು ನೇರವಾಗಿ ಹಳ್ಳಿಗೆ ಬಂದು ಮುಟ್ಟುತ್ತದೆ.

1909ರಲ್ಲಿ ಒಂದು ಸೊಸೈಟಿಯಿಂದ ಶುರುವಾದದ್ದು ಎಪ್ಪತ್ತು ಎಂಬತ್ತರ ದಶಕಕ್ಕೆ ಬರುವಾಗ ನೌಕರರ ಗೃಹ ನಿರ್ಮಾಣ ಸಂಘಗಳ ದಂಡೇ ಆಯಿತು. ಅಲ್ಲಿ ಕೂಡಿ ಬದುಕುವ ಮಾತು ಹಿಂದೆ ಸರಿದು ಸೈಟು ಹಂಚುವ ಮಾತು ಮುಂದೆ ಬಂತು. ಸೈಟಿಗೆ ಜಮೀನು ಬೇಕು. ಸರ್ಕಾರ 'ಸಾರ್ವಜನಿಕ ಉದ್ದೇಶ' ಎಂದು ಹೇಳಿ 1894ರ ಭೂಸ್ವಾಧೀನ ಕಾಯ್ದೆಯಡಿ ಸುತ್ತಲ ಹಳ್ಳಿಗಳ ಹೊಲ ಹಿಡಿದು ಸಂಘಗಳಿಗೆ ಕೊಟ್ಟಿತು. ನಡುವೆ ದಲ್ಲಾಳಿಗಳು ಸೇರಿಕೊಂಡರು. ಸಂಘಗಳ ಅವ್ಯವಹಾರದ ಬಗ್ಗೆ ಜಿ.ವಿ.ಕೆ. ರಾವ್ ಸಮಿತಿ ವಿಚಾರಣೆ ನಡೆಸಿತು.

ರೈತರು ಕೋರ್ಟಿಗೆ ಹೋದರು. 1995ರಲ್ಲಿ ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಂಘ ಮತ್ತು ಸೈಯದ್ ಖಾದರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಸ್ವಾಧೀನ ಕಾನೂನಿಗೆ ತಕ್ಕದ್ದಲ್ಲ ಎಂದಿತು. ಸರ್ಕಾರ ಮೊದಲೇ ಒಪ್ಪಿದ ವಸತಿ ಯೋಜನೆ ಇರಲಿಲ್ಲ, ಮಧ್ಯವರ್ತಿಗಳ ಮೂಲಕ ಕೆಲಸ ನಡೆದಿತ್ತು ಎಂಬುದು ಕಾರಣ. ಸ್ವಾಧೀನ ರದ್ದಾಯಿತು. 'ಸಹಕಾರ' ಎಂಬ ಪದ ಹಾಕಿಕೊಂಡ ಮಾತ್ರಕ್ಕೆ ಎಲ್ಲವೂ ಎಲ್ಲರ ಹಿತವಾಗುವುದಿಲ್ಲ ಎಂದು ಬೆಂಗಳೂರು ಸುತ್ತಲಿನ ರೈತರಿಗೆ ಚೆನ್ನಾಗಿ ಗೊತ್ತು.

ನಮ್ಮ ಊರಿಗೆ ಈ ಲೆಕ್ಕ ಯಾಕೆ?

ಫ್ಲ್ಯಾಟು ಪೇಟೆಯಲ್ಲಿದೆ, ನಮಗೇನು ಅನ್ನಬೇಡಿ. ನಮ್ಮ ಊರಿನಲ್ಲಿ ಕೂಡು ಆಸ್ತಿ ಎಷ್ಟಿದೆ ಎಣಿಸಿ ನೋಡಿ. ಸಮುದಾಯ ಭವನ. ಶುದ್ಧ ಕುಡಿಯುವ ನೀರಿನ ಘಟಕ. ಸಂಘದ ಗೋದಾಮು. ಸ್ತ್ರೀಶಕ್ತಿ ಗುಂಪಿನ ಹಿಟ್ಟಿನ ಗಿರಣಿ. ಕೆರೆ ಬಳಕೆದಾರರ ಸಂಘ. ಉದ್ಘಾಟನೆಯ ದಿನ ಎಲ್ಲಕ್ಕೂ ಟೇಪು, ಕತ್ತರಿ, ಫೋಟೋ ಇರುತ್ತವೆ.

ನೀರಿನ ಘಟಕವನ್ನೇ ತೆಗೆದುಕೊಳ್ಳಿ. ಎಷ್ಟೋ ಊರಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನು ನೀರು. ಆ ನಾಣ್ಯ ಕರೆಂಟಿಗೂ ನೋಡಿಕೊಳ್ಳುವವರ ಸಂಬಳಕ್ಕೂ ಹೋಗುತ್ತದೆ. ಮೆಂಬ್ರೇನ್ ಹಾಳಾದ ದಿನ ದುಡ್ಡಿಲ್ಲ. ಘಟಕಕ್ಕೆ ಬೀಗ. ನಾವು ವರದಿಗೆ ಹೋದ ಊರುಗಳಲ್ಲಿ ಬೀಗ ಬಿದ್ದ ಘಟಕದ ಮುಂದೆ ನಿಂತು ಜನ 'ಸರ್ಕಾರದವರು ರಿಪೇರಿ ಮಾಡಿಸ್ತಿಲ್ಲ' ಅನ್ನುತ್ತಾರೆ. ಅದು ನಿಜವೂ ಹೌದು. ಆದರೆ ಮೊದಲ ನಾಣ್ಯ ಬಿದ್ದ ದಿನದಿಂದ ಒಂದು ಕ್ಯಾನಿಗೆ ಎಂಟಾಣೆ ಎತ್ತಿಟ್ಟಿದ್ದರೆ ಎಷ್ಟಾಗುತ್ತಿತ್ತು? ದಿನಕ್ಕೆ 100 ಕ್ಯಾನು ಅಂದರೂ ದಿನಕ್ಕೆ 50 ರೂಪಾಯಿ, ವರ್ಷಕ್ಕೆ 18,250 ರೂಪಾಯಿ. ಬೀಗ ತೆಗೆಸಲು ಕಚೇರಿಗೆ ಅಲೆಯುವವರ ಕೈಯಲ್ಲಿ ಆ ದುಡ್ಡಾದರೂ ಇರುತ್ತಿತ್ತು.

ಹಾಗಾಗಿ ಊರಿನ ಯಾವುದೇ ಕೂಡು ಆಸ್ತಿಯ ಬಗ್ಗೆ ಮುಂದಿನ ಗ್ರಾಮಸಭೆಯಲ್ಲೋ ಸಂಘದ ವಾರ್ಷಿಕ ಸಭೆಯಲ್ಲೋ ನಾಲ್ಕು ಪ್ರಶ್ನೆ ಕೇಳಿ.

ಒಂದು, ಇದು ಯಾರ ಹೆಸರಿನಲ್ಲಿದೆ? ಪಹಣಿಯೋ ಗುತ್ತಿಗೆ ಪತ್ರವೋ ತೋರಿಸಿ.

ಎರಡು, ಈ ವರ್ಷದ ಖರ್ಚಿನ ಹೊರತಾಗಿ ದುರಸ್ತಿಗೆ ಎಷ್ಟು ಎತ್ತಿಟ್ಟಿದ್ದೀರಿ? ಯಾವ ಖಾತೆಯಲ್ಲಿ? ಪಾಸ್‌ಬುಕ್ ತೋರಿಸಿ.

ಮೂರು, ಬಾಕಿ ಉಳಿಸಿಕೊಂಡವರು ಎಷ್ಟು ಮಂದಿ, ಒಟ್ಟು ಎಷ್ಟು ಬಾಕಿ? ದೊಡ್ಡ ಮನೆಯವರ ಬಾಕಿಯೂ ಪಟ್ಟಿಯಲ್ಲಿ ಇದೆಯೇ?

ನಾಲ್ಕು, ಇದನ್ನು ಬಳಸಲು ಊರಿನ ಯಾವ ಕೇರಿಯವರಿಗಾದರೂ ಅಡ್ಡಿ ಇದೆಯೇ? ಸಮುದಾಯ ಭವನದ ಬೀಗದ ಕೈ ಎಲ್ಲ ಕೇರಿಯ ಮದುವೆಗೂ ಸಿಗುತ್ತದೆಯೇ?

ಮೊದಲ ಮೂರು ಪ್ರಶ್ನೆಗೆ ಗಾಮದೇವಿಯವರು 1915ರಲ್ಲೇ ಉತ್ತರ ಬರೆದುಕೊಂಡು ಕೂತರು. ಅದಕ್ಕೇ ಅವರ ಗೋಡೆ ನೂರು ವರ್ಷ ನಿಂತಿತು. ನಾಲ್ಕನೆಯದನ್ನು ಅವರು ಕೇಳಿಕೊಳ್ಳಲಿಲ್ಲ. ಅದನ್ನು ಕೇಳಲು ಮಹಾಡದಲ್ಲಿ ಜನ ಬೀದಿಗೆ ಇಳಿಯಬೇಕಾಯಿತು. ನಮ್ಮ ಊರಿನ ಸಭೆಯಲ್ಲಿ ಅದನ್ನು ಕೇಳಲು ಒಬ್ಬರು ಎದ್ದು ನಿಂತರೆ ಸಾಕು. ಸಭೆಯ ನಡಾವಳಿಯಲ್ಲಿ ಪ್ರಶ್ನೆಯೂ ಉತ್ತರವೂ ದಾಖಲಾಗಿವೆಯೇ ಎಂದು ನೋಡಿಯೇ ಸಹಿ ಹಾಕಿ.